ದೊಡ್ಡ ಬಲೂನಿನ ಮೇಲೆ ಚಿತ್ರ ಬರೆಯುವ ಕಲೆ

ಕೇಳುಗರಿಗೆ ನಮಸ್ಕಾರ. ಆರತಕ್ಷತೆಯ ವೇದಿಕೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ನಿಲ್ಲಿಸುವ ಮೂರು ಅಡಿ ಅಗಲದ ದೊಡ್ಡ ಬಲೂನುಗಳ ಮೇಲೆ ಕೈಯಾರೆ ಚಿತ್ರ ಬರೆಯುವ ಕೆಲಸದ ಬಗ್ಗೆ ಇಂದು ಮಾತನಾಡುತ್ತೇನೆ. ಇದಕ್ಕೆ ಕುಂಚ ಹಿಡಿದು ಪಳಗಿದ ಕೈ ಬೇಕು, ನಿಜ. ಆದರೆ ರಬ್ಬರಿನ ಗುಣ ಅರಿಯದವರ ಚಿತ್ರ ಎಷ್ಟೇ ಚೆಂದವಿದ್ದರೂ ಸಂಜೆಯವರೆಗೆ ಉಳಿಯುವುದಿಲ್ಲ.

ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ನಸುಕಿಗೇ ಎದ್ದು ತೊಗಟೆ ಗೀರಿ ಇಳಿಸುವ ರಬ್ಬರ್ ಹಾಲಿದೆಯಲ್ಲ, ಅಂಥದೇ ಹಾಲಿಗೆ ಗಂಧಕ ಮೊದಲಾದವನ್ನು ಬೆರೆಸಿ, ಅದರಲ್ಲಿ ಅಚ್ಚನ್ನು ಅದ್ದಿ ತೆಗೆದು, ಕಾಯಿಸಿ ಹದಗೊಳಿಸಿದರೆ ಬಲೂನು ಸಿದ್ಧವಾಗುತ್ತದೆ. 1824ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಅವರು ಹೈಡ್ರೋಜನ್ ಪ್ರಯೋಗಗಳಿಗಾಗಿ ಎರಡು ರಬ್ಬರ್ ಹಾಳೆಗಳ ಅಂಚು ಒತ್ತಿ ಬಲೂನು ಮಾಡಿದಾಗ, ಒಳಮೈ ಒಂದಕ್ಕೊಂದು ಅಂಟದಿರಲೆಂದು ಹಿಟ್ಟು ಸವರಿದ್ದರು. ಇಂದಿನ ಬಲೂನುಗಳಿಗೂ ಅಂಟು ತಡೆಯುವ ಪುಡಿ ಮೆತ್ತಿರುವುದುಂಟು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ಒಣಗಿಸದಿದ್ದರೆ ಬಣ್ಣವು ರಬ್ಬರನ್ನು ಹಿಡಿಯದೆ ಪುಡಿಯ ಜೊತೆಗೇ ಉದುರುತ್ತದೆ.

ತೈಲವರ್ಣವನ್ನಾಗಲಿ, ಟರ್ಪೆಂಟೈನ್ ಬೆರೆತ ಬಣ್ಣವನ್ನಾಗಲಿ ಬಲೂನಿಗೆ ಮುಟ್ಟಿಸಲೇಬಾರದು. ಅವುಗಳಲ್ಲಿರುವ ಎಣ್ಣೆಯೂ ದ್ರಾವಕವೂ ರಬ್ಬರಿನೊಳಕ್ಕೆ ಇಳಿದು, ಅದನ್ನು ಉಬ್ಬಿಸಿ, ಸತ್ವಗೆಡಿಸುತ್ತವೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ ಇದಕ್ಕೆ ಸರಿ. ಅದು ಒಣಗಿದಾಗ ಬಗ್ಗುವ ತೆಳು ಪೊರೆಯಾಗುತ್ತದೆ. ದಪ್ಪಗೆ ಬಳಿದರೆ ಮಾತ್ರ ಆ ಪೊರೆ ಬಿರಿಯುತ್ತದೆ.

ಗಾಳಿ ತುಂಬುವ ಮೊದಲೇ ಚಿತ್ರ ಬರೆದಿಡುವುದು ಸುಲಭವೆಂದು ಹಲವರಿಗೆ ತೋರುತ್ತದೆ. ಆದರೆ ರಬ್ಬರು ಎಲ್ಲ ದಿಕ್ಕಿಗೂ ಮೂರು ಪಟ್ಟು ಹಿಗ್ಗಿದರೆ ಅದರ ವಿಸ್ತೀರ್ಣ ಒಂಬತ್ತು ಪಟ್ಟಾಗುತ್ತದೆ. ಬಣ್ಣ ಅಷ್ಟರಮಟ್ಟಿಗೆ ತೆಳುವಾಗಿ, ಬಿರುಕು ಬಿಟ್ಟು, ಗೆರೆಗಳ ಅಳತೆಯೆಲ್ಲ ತಪ್ಪುತ್ತದೆ. ಆದ್ದರಿಂದ 36 ಅಂಗುಲದ ಬಲೂನನ್ನು ಪೂರ್ತಿ ಊದಿ, ಸ್ವಲ್ಪ ಗಾಳಿ ಬಿಟ್ಟು 33 ಅಂಗುಲಕ್ಕೆ ಇಳಿಸಿ, ಅನಂತರ ಬರೆಯಬೇಕು. ಹೀಗೆ ಉಳಿಸಿದ ಸಡಿಲವೇ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದಾಗ ಬಲೂನನ್ನು ಕಾಯುತ್ತದೆ. ಬರೆಯುವಾಗ ಉರುಳದಂತೆ ಬಟ್ಟೆಯ ಸಿಂಬೆಯ ಮೇಲೆ ಕೂರಿಸಿ, ಬಳೆ ಉಂಗುರಗಳನ್ನು ತೆಗೆದಿಟ್ಟು, ಮೆತ್ತನೆಯ ಕುಂಚ ಅಥವಾ ಸ್ಪಂಜಿನಿಂದ ಒತ್ತಡವಿಲ್ಲದೆ ಬಣ್ಣ ಹಚ್ಚಬೇಕು.

ಇನ್ನು ವಿನ್ಯಾಸದ ಮಾತು. ನನಗೆ ಬಹಳ ಪ್ರಿಯವಾದದ್ದು ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಸಮುದಾಯದವರು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ. ಕೆಮ್ಮಣ್ಣಿನ ಗೋಡೆಯ ಮೇಲಿನ ಅಕ್ಕಿಹಿಟ್ಟಿನ ಬಿಳಿ ಎಳೆಗಳು ಇಟ್ಟಿಗೆಗೆಂಪು ಬಲೂನಿನ ಮೇಲೂ ಬಹು ಸೊಗಸಾಗಿ ಕಾಣುತ್ತವೆ. ಆದರೆ ಗೋಡೆ ಸಮತಟ್ಟು, ಬಲೂನು ಗುಂಡು. ನೆತ್ತಿಯಿಂದ ಕೊರಳಿಗೆ ಎಳೆದ ಗೆರೆಗಳು ನಡುವಿನಲ್ಲಿ ದೂರವಾಗಿ, ಎರಡು ತುದಿಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಹೀಗಾಗಿ ಚಿತ್ತಾರದ ಚೌಕಗಳನ್ನೆಲ್ಲ ನಡುಪಟ್ಟಿಯಲ್ಲೇ ಕೂರಿಸಿ, ತುದಿಗಳಿಗೆ ಎಸಳಿನ ಆಕಾರಗಳನ್ನು ಬಿಡುವುದು ಒಳ್ಳೆಯದು. ಅಳತೆಗೆ ಒಂದು ದಾರ ಸಾಕು: ನೆತ್ತಿಯಿಂದ ಇಳಿಬಿಟ್ಟು ಮೊದಲು ನಾಲ್ಕು ಭಾಗ, ಆಮೇಲೆ ಎಂಟು ಭಾಗ ಮಾಡಿಕೊಳ್ಳಬಹುದು.

ಹೀಲಿಯಂ ತುಂಬಿ ತೇಲಿಸುವುದಾದರೆ ತೂಕವನ್ನೂ ಲೆಕ್ಕ ಹಾಕಬೇಕು. ಒಂದು ಲೀಟರ್ ಹೀಲಿಯಂ ಸುಮಾರು ಒಂದು ಗ್ರಾಂ ಎತ್ತಬಲ್ಲದು. 33 ಅಂಗುಲದ ಬಲೂನು ಮುನ್ನೂರು ಲೀಟರಿಗೂ ಹೆಚ್ಚು ಹಿಡಿಯುವುದರಿಂದ ಬಣ್ಣದ ಭಾರಕ್ಕೆ ಅದು ಇಳಿದುಬಿಡುವ ಭಯವಿಲ್ಲ. ಬಣ್ಣವೆಲ್ಲ ಒಂದೇ ಮಗ್ಗುಲಲ್ಲಿದ್ದರೆ ಮಾತ್ರ ಆ ಮಗ್ಗುಲು ಕೆಳಕ್ಕೆ ವಾಲುತ್ತದೆ. ಅಗ್ಗವೆಂದು ಹೈಡ್ರೋಜನ್ ತುಂಬಿಸುವುದು ಜೀವಕ್ಕೇ ಅಪಾಯ. ಒಂದು ಕಿಡಿ ತಾಗಿದರೂ ಅದು ಹೊತ್ತಿಕೊಳ್ಳುತ್ತದೆ.

ಬಿಸಿಲು ಮತ್ತು ಗಾಳಿಯಲ್ಲಿನ ಆಮ್ಲಜನಕದಿಂದ ರಬ್ಬರಿನ ಹೊಳಪು ಹೋಗಿ ಬಿಳಿಚಿದ ಮಬ್ಬು ಕವಿಯುವುದರಿಂದ ಬಲೂನನ್ನು ನೆರಳಿನಲ್ಲೇ ಇಡಬೇಕು. ಸಮಾರಂಭ ಮುಗಿದ ಮೇಲೆ ಅದನ್ನು ಆಕಾಶಕ್ಕೆ ಬಿಡದೆ, ಗಂಟಿನ ಬಳಿ ಕೊರಳಿಗೆ ಕತ್ತರಿಯಿಂದ ಸಣ್ಣ ಗಾಯ ಮಾಡಿ ಗಾಳಿಯನ್ನು ಮೆಲ್ಲಗೆ ಹೊರಬಿಡಬೇಕು. ಒಡೆದ ಚೂರುಗಳು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ, ಅವನ್ನು ಅಲ್ಲೇ ಆರಿಸಿ ಕಸದ ಡಬ್ಬಿಗೆ ಹಾಕಿರಿ. ನಮಸ್ಕಾರ.