ಕೋಳಿ ಕುಡಿಯುವ ನೀರಿನಲ್ಲಿ ನಮ್ಮ ಔಷಧಿ

ಕೇಳುಗರಿಗೆ ನಮಸ್ಕಾರ.

ಹೊಟ್ಟೆ ಕೆಟ್ಟು ವಾಂತಿಭೇದಿ ಶುರುವಾದರೆ ನಮ್ಮಲ್ಲಿ ಎಷ್ಟೋ ಮಂದಿ ನೇರ ಮೆಡಿಕಲ್ ಶಾಪಿಗೆ ಹೋಗಿ ಎರಡು ಆ್ಯಂಟಿಬಯೋಟಿಕ್ ಮಾತ್ರೆ ಕೇಳಿ ತರುತ್ತಾರೆ. ಆ ಮಾತ್ರೆ ಈಗ ಮೊದಲಿನಂತೆ ನಾಟುತ್ತಿಲ್ಲ. ಇದಕ್ಕೆ ನಾವು ಬೇಕಾಬಿಟ್ಟಿ ಮಾತ್ರೆ ನುಂಗುವುದೂ ಕಾರಣ, ಕೋಳಿ ಫಾರಮ್ಮೂ ಕಾರಣ. ಫಾರಮ್ಮಿನ ವಿಷಯಕ್ಕೆ ಅಮೆರಿಕದಲ್ಲಿ ನಡೆದದ್ದನ್ನು ಹೇಳುತ್ತೇನೆ.

ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 1990ರ ದಶಕದ ನಡುವೆ, ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಕೊಡಲು ಒಪ್ಪಿಗೆ ನೀಡಿತು. ನಾವು ನುಂಗುವ ಸಿಪ್ರೋಫ್ಲಾಕ್ಸಾಸಿನ್ನಿನ ಕುಲದ್ದೇ ಅದು. ಸಾವಿರಾರು ಕೋಳಿಗಳಿರುವ ಶೆಡ್ಡಿನಲ್ಲಿ ಕಾಯಿಲೆ ಬಿದ್ದವು ಕೆಲವೇ ಆದರೂ ಒಂದೊಂದನ್ನೇ ಹಿಡಿದು ಔಷಧಿ ಹಾಕಲಾಗುತ್ತದೆಯೇ? ಕುಡಿಯುವ ನೀರಿಗೇ ಬೆರೆಸುತ್ತಾರೆ. ಕಾಯಿಲೆಯಿಲ್ಲದವೂ ಕುಡಿಯುತ್ತವೆ.

ಅವುಗಳ ಕರುಳಿನಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಕೋಳಿಗೆ ಅಷ್ಟೇನೂ ತೊಂದರೆ ಕೊಡದೆ ಬದುಕಿಕೊಂಡಿರುತ್ತದೆ. ನಮ್ಮ ಹೊಟ್ಟೆ ಸೇರಿತೋ, ಜ್ವರ, ಹೊಟ್ಟೆನೋವು, ಕೆಲವೊಮ್ಮೆ ರಕ್ತಭೇದಿ. ಅದರ ಒಂದು ಜೀನಿನಲ್ಲಿ ಒಂದೇ ಒಂದು ಬದಲಾವಣೆಯಾದರೆ ಸಾಕು, ಈ ಕುಲದ ಔಷಧಿಗೆಲ್ಲ ಅದು ಜಗ್ಗುವುದಿಲ್ಲ. ಔಷಧಿ ಬಿದ್ದ ನೀರು ಉಳಿದ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ, ಜಗ್ಗದವು ಕೆಲವೇ ದಿನಗಳಲ್ಲಿ ಕರುಳು ತುಂಬಿಕೊಳ್ಳುತ್ತವೆ. ಅಲ್ಲಿಂದ ಮಾಂಸಕ್ಕೆ, ಮಾಂಸದಿಂದ ಅಡುಗೆಮನೆಗೆ.

2000ದಲ್ಲಿ ಎಫ್‌ಡಿಎ ಒಪ್ಪಿಗೆ ಹಿಂಪಡೆಯಲು ಹೊರಟಿತು. ತಯಾರಕರಾದ ಬೇಯರ್ ಕಂಪನಿ ಅದನ್ನು ಪ್ರಶ್ನಿಸಿತು. ನಿಷೇಧ ಜಾರಿಯಾದದ್ದು 2005ರ ಸೆಪ್ಟೆಂಬರಿನಲ್ಲಿ. ಅಪಾಯ ಕಣ್ಣಿಗೆ ಕಂಡ ಮೇಲೂ ಐದು ವರ್ಷ ಆ ಔಷಧಿ ಮಾರುಕಟ್ಟೆಯಲ್ಲಿತ್ತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ. ನಿಷೇಧದ ನಂತರವೂ ಜಗ್ಗದ ಬ್ಯಾಕ್ಟೀರಿಯ ಮಾಯವಾಗಲಿಲ್ಲ. ಒಮ್ಮೆ ಬೇರೂರಿದ್ದು ಸುಲಭಕ್ಕೆ ಹೋಗದು. ಆಸ್ಟ್ರೇಲಿಯ ಈ ಕುಲದ ಔಷಧಿಗಳನ್ನು ಆಹಾರದ ಪ್ರಾಣಿಗಳಿಗೆ ಕೊಡಲು ಮೊದಲಿಂದಲೂ ಬಿಡಲಿಲ್ಲ; ಜಾಣತನ ಅದು.

ನಮ್ಮ ದೇಶ 2019ರ ಜುಲೈಯಲ್ಲಿ ಕೋಳಿ ಮತ್ತು ಇತರ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಐಸಿಯುನಲ್ಲಿ ಬೇರೆಲ್ಲ ಔಷಧಿ ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಔಷಧಿ ಅದು. ಒಳ್ಳೆಯ ನಿರ್ಧಾರ, ಇನ್ನೂ ಮೊದಲೇ ಆಗಬೇಕಿತ್ತು.

ಮನೆಯ ಮಾತಿಗೆ ಬರೋಣ. ಚೆನ್ನಾಗಿ ಬೇಯಿಸಿದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯವೂ ಸಾಯುತ್ತದೆ. ಹಸಿ ಕೋಳಿ ಕತ್ತರಿಸಿದ ಮಣೆಯ ಮೇಲೆಯೇ, ತೊಳೆಯದೆ, ಸೌತೆಕಾಯಿ ಹೆಚ್ಚಿದಾಗ ಅಪಾಯ. ಸಾಮಾನ್ಯ ವಾಂತಿಭೇದಿಗೆ ಆ್ಯಂಟಿಬಯೋಟಿಕ್ ಬೇಕಿಲ್ಲ, ಓಆರ್‌ಎಸ್ ಕುಡಿಯುತ್ತಿರಿ. ಮಲದಲ್ಲಿ ರಕ್ತ, ಜೋರು ಜ್ವರ ಇದ್ದರೆ, ಅಥವಾ ಹೊಟ್ಟೆ ಕೆಟ್ಟದ್ದು ಎಳೆಮಗುವಿಗೋ ಬಸುರಿಗೋ ವಯಸ್ಸಾದವರಿಗೋ ಆದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಅವರು ಮಲದ ಕಲ್ಚರ್ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ; ಯಾವ ಔಷಧಿ ನಾಟುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.