ಪಿಟೀಲು ಸಾಧಕ: ತಪ್ಪುವ ಜಾಗದಲ್ಲೇ ಕೂರುವುದು ಹೇಗೆ?

[ಶ್ರುತಿಪೆಟ್ಟಿಗೆಯ ನಾದ. ಪಿಟೀಲು ಹಿಡಿದು ನೆಲದ ಮೇಲೆ ಕೂತಿರುವ ದೃಶ್ಯ.]

ನಮಸ್ಕಾರ. ಮಾತಿಗೆ ಮುಂಚೆ ಒಂದು ಸ್ವರ ಕೇಳಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು.

[ಷಡ್ಜದ ('ಸ') ತಂತಿಯಲ್ಲಿ ಕಿರುಬೆರಳಿಟ್ಟು 'ಪ'. ಮೊದಲು ಕೂದಲೆಳೆಯಷ್ಟು ಕೆಳಗೆ, ಆಮೇಲೆ ಸರಿಯಾಗಿ.]

ಎರಡನೇ ಸಲ ನಾದ ತುಂಬಿಕೊಂಡಿತು ಅಲ್ವಾ? ನಾನು ಕಮಾನನ್ನು ಜಾಸ್ತಿ ಒತ್ತಲಿಲ್ಲ. ಪಕ್ಕದ ತಂತಿ ಜೊತೆಗೆ ಹಾಡಿತು, ಅಷ್ಟೇ. ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸುತ್ತೇವೆ. ಹಾಗಾಗಿ ಸ ತಂತಿಯ ಮೇಲೆ ಬೆರಳಿಟ್ಟು 'ಪ' ನುಡಿಸಿದಾಗ, ಅದೇ ಸ್ವರಕ್ಕೆ ಕೂಡಿಸಿದ ಪಕ್ಕದ ತಂತಿ ತಾನಾಗಿಯೇ ನಡುಗುತ್ತದೆ. ಬೆರಳು ಒಂದಿಷ್ಟು ಜರುಗಿದರೂ ಅದು ಸುಮ್ಮನಾಗುತ್ತದೆ.

ಪಿಟೀಲಿನಲ್ಲಿ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಬೀಳಬೇಕು ಅಂತ ಹೇಳುವುದು ಕಿವಿ ಒಂದೇ. ಅದಕ್ಕೇ ಸಾಧಕ, ಅಂದರೆ ದಿನದ ಅಭ್ಯಾಸ, ಅರ್ಧಕ್ಕಿಂತ ಜಾಸ್ತಿ ಕೇಳುವ ಕೆಲಸ. ಶ್ರುತಿ, ಅಂದರೆ ಹಿನ್ನೆಲೆಯ ಆಧಾರ ನಾದ, ಹಾಕದೆ ಪಿಟೀಲು ಮುಟ್ಟಬೇಡಿ. ಫೋನಿನ ತಂಬೂರಿ ಆ್ಯಪ್ ಆದರೂ ಸಾಕು.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ವರ್ಣ (ಅಭ್ಯಾಸಕ್ಕೂ ಕಚೇರಿಗೂ ನುಡಿಸುವ ರಚನೆ) ಕಲಿಯುವಾಗ ಅದರ ಕೊನೆಯ ಭಾಗದ, ಎತ್ತುಗಡೆಯ, ಮೂರನೇ ಸ್ವರಗುಚ್ಛದಲ್ಲಿ ಪ್ರತಿ ಸಲ ಎಡವುತ್ತಿದ್ದೆ. ಎಡವಿದ ಕೂಡಲೇ ಮತ್ತೆ ಮೊದಲ ಭಾಗವಾದ ಪಲ್ಲವಿಯಿಂದ ಶುರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಗುರುಗಳು ಕೇಳಿದರು: "ಪಲ್ಲವಿ ನಿನಗೆ ಬರುತ್ತಲ್ಲ? ಮತ್ತೆ ಮತ್ತೆ ಅದನ್ನೇ ಯಾಕೆ ನುಡಿಸ್ತೀಯ?"

ಆಗ ಗೊತ್ತಾಯಿತು. ಬರುವುದನ್ನು ನೂರಾರು ಸಲ ನುಡಿಸಿದ್ದೆ. ಬಾರದೇ ಇರುವುದನ್ನು ಅವಸರದಲ್ಲಿ ದಾಟಿದ್ದೆ, ಅದೂ ಪ್ರತಿ ಸಲ ತಪ್ಪಾಗಿಯೇ. ಬೆರಳಿಗೆ ಸರಿ ತಪ್ಪು ತಿಳಿಯುವುದಿಲ್ಲ. ಹತ್ತು ಸಲ ತಪ್ಪು ಮಾಡಿಸಿದರೆ ಆ ತಪ್ಪನ್ನೇ ಪಾಠ ಅಂದುಕೊಳ್ಳುತ್ತದೆ.

[ಪುಸ್ತಕದಲ್ಲಿ ನಾಲ್ಕು ಸ್ವರಗಳ ಸುತ್ತ ಪೆನ್ಸಿಲ್ ಗೆರೆ.]

ಎಡವುವ ಜಾಗಕ್ಕೆ ಹೀಗೆ ಗೆರೆ ಹಾಕಿ. ಸಾಮಾನ್ಯವಾಗಿ ಅದು ಮೂರು ನಾಲ್ಕು ಸ್ವರ ಮಾತ್ರ ಇರುತ್ತದೆ. ಮೊದಲು ಪಿಟೀಲು ಕೆಳಗಿಟ್ಟು ಅಷ್ಟನ್ನು ಬಾಯಲ್ಲಿ ಹಾಡಿ. ಇದನ್ನು ಬಿಡಲೇಬೇಡಿ. ಬಾಯಲ್ಲಿ ಬಾರದ ಗಮಕ (ಸ್ವರದ ಓಲಾಟ) ಬೆರಳಲ್ಲಿ ಬರುವುದು ಕಷ್ಟ. ಆಮೇಲೆ ತಪ್ಪೇ ಆಗದಷ್ಟು ನಿಧಾನಕ್ಕೆ ನುಡಿಸಿ. ಸರಿ ಬಂದರೆ ಹಿಂದಿನ ಎರಡು ಸ್ವರ ಸೇರಿಸಿ, ಮುಂದಿನ ಎರಡು ಸೇರಿಸಿ. ಎಷ್ಟೋ ಸಲ ತೊಂದರೆ ಸ್ವರದಲ್ಲಿ ಇರುವುದಿಲ್ಲ. ತಂತಿ ಬದಲಿಸುವಾಗಲೋ, ಕಮಾನು ತಿರುಗುವಾಗಲೋ ಇರುತ್ತದೆ. ನಿಧಾನ ಮಾಡಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಕಮಾನಿನ ಮಾತು ಬಂತು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ನೋಡಿದ್ದೀರಾ? ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ತಿರುಮಕೂಡಲಿನ ಟಿ. ಚೌಡಯ್ಯನವರು, 1895ರಲ್ಲಿ ಹುಟ್ಟಿದವರು, ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಕಚೇರಿಗಳಲ್ಲಿ ಕೊನೆಯ ಸಾಲಿನವರಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ನಾದದ ಮೇಲೆ ಅಷ್ಟು ಆಸೆ! ನಾವು ಮಾತ್ರ ಎಡಗೈಯನ್ನೇ ನೋಡುತ್ತಾ ಕೂತು, ನಾದ ಹೊರಡಿಸುವ ಬಲಗೈಯನ್ನು ಮರೆತುಬಿಡುತ್ತೇವೆ.

[ಕನ್ನಡಿಯ ಮುಂದೆ ಕಮಾನು ಎಳೆಯುವ ದೃಶ್ಯ.]

ದಿನಾ ಮೊದಲ ಐದು ನಿಮಿಷ ಬೆರಳೇ ಇಡಬೇಡಿ. ಬರೀ ಷಡ್ಜ. ಬುಡದಿಂದ ತುದಿಗೆ ಎಂಟು ಎಣಿಕೆ, ತುದಿಯಿಂದ ಬುಡಕ್ಕೆ ಎಂಟು. ಕಮಾನು ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ) ಸಮಾನಾಂತರವಾಗಿ ಹೋಗುತ್ತಿದೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ತುದಿಗೆ ಬಂದಾಗ ನಾದ ಸಣ್ಣಗಾಗುತ್ತಿದೆಯಾ? ತಿರುಗುವಾಗ ಕೊಸರುತ್ತಿದೆಯಾ? ಈ ಐದು ನಿಮಿಷ ನನಗೆ ಈಗಲೂ ತುಂಬಾ ಇಷ್ಟ. ಮನಸ್ಸು ಅಲ್ಲೇ ಶ್ರುತಿಗೆ ಸೇರುತ್ತದೆ.

ಆಮೇಲೆ ಸರಳೆ ವರಸೆ, ಅಂದರೆ ಕಲಿಯುವವರ ಮೊದಲ ಸ್ವರಪಾಠ. ಮಾಯಾಮಾಳವಗೌಳ ರಾಗದಲ್ಲಿ ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ನಮ್ಮ ಪರಂಪರೆಯ ನಂಬಿಕೆ. ಮೊದಲ ವರಸೆಯಲ್ಲಿ ಹತ್ತಿ ಇಳಿದರೆ 16 ಸ್ವರ. ಮೆಟ್ರೊನೋಮ್ (ಲಯದ ಏಟು ಕೊಡುವ ಸಾಧನ) ನಿಮಿಷಕ್ಕೆ 60 ಏಟಿಗೆ ಇಟ್ಟರೆ ಒಂದನೇ ಕಾಲಕ್ಕೆ (ಏಟಿಗೆ ಒಂದು ಸ್ವರ) 16 ಸೆಕೆಂಡು, ಎರಡನೇ ಕಾಲಕ್ಕೆ (ಏಟಿಗೆ ಎರಡು) 8, ಮೂರನೇ ಕಾಲಕ್ಕೆ (ಏಟಿಗೆ ನಾಲ್ಕು) 4. ತುಂಬಾ ಜನ ಒಂದನೇ ಕಾಲವನ್ನು ಆರಾಮಾಗಿ ಶುರು ಮಾಡಿ, ಮೂರನೇ ಕಾಲದಲ್ಲಿ ತಾಳ ಬಿಡುತ್ತಾರೆ. ಉಲ್ಟಾ ಮಾಡಿ. ಮೂರನೇ ಕಾಲ ಶುದ್ಧವಾಗಿ ಬರುವ ವೇಗ ಯಾವುದು ಅಂತ ಮೊದಲು ಹುಡುಕಿ. ಅದು 40 ಆದರೆ 40ರಲ್ಲೇ ಮೂರೂ ಕಾಲ ನುಡಿಸಿ. ಬೇಸರ ಬೇಡ. ಅಷ್ಟು ನಿಧಾನದ ಒಂದನೇ ಕಾಲದಲ್ಲಿ ಕಮಾನು ನಡುಗದಂತೆ ಎಳೆಯುವುದೂ ಸುಲಭವಲ್ಲ.

ಎಷ್ಟು ಹೊತ್ತು ನುಡಿಸಬೇಕು? ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು. ಇವತ್ತು ಕೈಗೆ ಬಾರದ್ದು ಒಂದು ರಾತ್ರಿಯ ನಿದ್ದೆ ಆದ ಮೇಲೆ ಬೆಳಿಗ್ಗೆ ಸಲೀಸಾಗಿ ಬಂದುಬಿಡುವುದನ್ನು ನೀವೂ ಕಂಡಿರಬಹುದು. ಭುಜ, ಕತ್ತು, ಹೆಬ್ಬೆರಳು ಬಿಗಿಯಾದರೆ ನಿಲ್ಲಿಸಿ. ಪಿಟೀಲಿನ ಭಾರ ಬಲಪಾದ ಮತ್ತು ಎದೆಯ ನಡುವೆ ಇರಬೇಕು, ಎಡಗೈ ಅದನ್ನು ಹೊರಬಾರದು. ಹೊತ್ತರೆ ಜಾರು (ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವುದು) ಹೇಗೆ ಬಂದೀತು?

ಕೊನೆಗೆ ಫೋನ್. ತಿಂಗಳ ಮೊದಲ ದಿನ ಒಂದೇ ವರಸೆ ಅಥವಾ ಒಂದೇ ವರ್ಣ ರೆಕಾರ್ಡ್ ಮಾಡಿ, ತಾರೀಖು ಬರೆದಿಡಿ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣುವುದಿಲ್ಲ. ಮೂರು ತಿಂಗಳ ಹಿಂದಿನದನ್ನು ಕೇಳಿದರೆ ಕಾಣುತ್ತದೆ. ನುಡಿಸುವಾಗ ಕೇಳಿಸದ ಅಪಸ್ವರ ಅದರಲ್ಲಿ ಕೇಳಿಸುತ್ತದೆ. ಅದಕ್ಕೆ ಹೆದರಬೇಡಿ. ಅಪಸ್ವರ ಕೇಳಿಸಿತು ಅಂದರೆ ಕಿವಿ ಬೆಳೆದಿದೆ ಅಂತಲೇ.

ಈಗ ಪಿಟೀಲು ತೆಗೆದುಕೊಳ್ಳಿ. ನನ್ನ ಶ್ರುತಿ ಜಿ, ಅಂದರೆ ನನ್ನ ಷಡ್ಜ ಪಾಶ್ಚಾತ್ಯ ಸಂಗೀತದ ಜಿ ಸ್ವರ. ಮೊದಲು ಬರೀ ಷಡ್ಜ, ಎಂಟು ಎಣಿಕೆ. ಬುಡದಿಂದ ಶುರು ಮಾಡೋಣ.

[ಕಮಾನು ತಂತಿಯ ಮೇಲೆ. ಷಡ್ಜ.]