ಬಾ ಅಂದರೆ ಎಂಟು

ಕೇಳುಗರಿಗೆಲ್ಲ ನಮಸ್ಕಾರ. ಕನ್ನಡದ ಪ್ರವಾಸಿಗಳನ್ನು ಕರೆದುಕೊಂಡು ಹದಿನಾರು ಸಲ ಚೀನಾಕ್ಕೆ ಹೋಗಿಬಂದವನು ನಾನು. ಅಲ್ಲಿನ ಪೇಟೆಬೀದಿಗಳ ಬಗ್ಗೆ ಮಾತಾಡಿ ಅಂತ ನಿಲಯದವರು ಕರೆದಿದ್ದಾರೆ. ಹೊರಡುವ ಮುಂಚೆ ಎಲ್ಲರೂ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಸಸ್ಯಾಹಾರ ಸಿಗುತ್ತಾ? ಚೌಕಾಸಿ ನಡೆಯುತ್ತಾ? ಮೊದಲನೆಯದಕ್ಕೆ, ಚಟ್ನಿಪುಡಿ ಕಟ್ಟಿಕೊಳ್ಳಿ ಅಂತೀನಿ. ಎರಡನೆಯದಕ್ಕೆ, ಬೆರಳು ಕಲಿತು ಬನ್ನಿ ಅಂತೀನಿ.

ಚೀನಾದವರು ಒಂದೇ ಕೈಯಲ್ಲಿ ಹತ್ತರವರೆಗೂ ತೋರಿಸುತ್ತಾರೆ. ರೇಡಿಯೋದಲ್ಲಿ ನನ್ನ ಕೈ ನಿಮಗೆ ಕಾಣದು, ಆದ್ದರಿಂದ ನಿಮ್ಮ ಬಲಗೈಯನ್ನೇ ಎತ್ತಿ. ತರಕಾರಿ ಹೆಚ್ಚುತ್ತಿದ್ದರೆ ಈಳಿಗೆಮಣೆ ಆಚೆಗಿಡಿ. ಒಂದರಿಂದ ಐದು ನಮ್ಮ ಹಾಗೇ. ಆರಕ್ಕೆ ಹೆಬ್ಬೆರಳು, ಕಿರುಬೆರಳು ಮಾತ್ರ ಚಾಚಿ. ಏಳಕ್ಕೆ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಕೂಡಿಸಿ, ಸಾರಿಗೆ ಉಪ್ಪು ಹಾಕುವ ಹಾಗೆ. ಎಂಟಕ್ಕೆ ಹೆಬ್ಬೆರಳು, ತೋರುಬೆರಳು ಬಿಡಿಸಿ, ಹುಡುಗರು ಪಿಸ್ತೂಲು ಮಾಡ್ತಾರಲ್ಲ, ಹಾಗೆ. ಒಂಬತ್ತಕ್ಕೆ ತೋರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ. ಹತ್ತಕ್ಕೆ ಮುಷ್ಟಿ. ಇಷ್ಟೇ!

ಈ ಎಂಟರ ಕಥೆ ಹೇಳಲೇಬೇಕು. ಬೀಜಿಂಗ್‌ನಲ್ಲಿ ಪಾನ್‌ಜಿಯಾಯುವಾನ್ ಅಂತ ಹಳೇ ಸಾಮಾನಿನ ಸಂತೆ ಇದೆ. ಮೆಟ್ರೋ 10ನೇ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿಯಬೇಕು. ಶನಿವಾರ, ಭಾನುವಾರ ಬೆಳಗಾಗುವ ಮುಂಚೆಯೇ ನೆಲದ ಮೇಲೆ ಬಟ್ಟೆ ಹಾಸಿಕೊಂಡು ಕೂತಿರುತ್ತಾರೆ. ಜೇಡ್ ಬಳೆ, ಬರೆಯುವ ಕುಂಚ, ಮಾವೋ ಬಿಲ್ಲೆ, ಒಡಕು ಪಿಂಗಾಣಿ. ಹಳೇದು ಅಂತ ಅವರು ಹೇಳಿದ್ದನ್ನು ನಂಬಬೇಡಿ, ನೋಡಲು ಚೆಂದ ಅಂತ ಕೊಳ್ಳಿ.

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಗುಂಪಿನಲ್ಲಿ ತಿಪಟೂರಿನ ಅಮ್ಮ ಒಬ್ಬರಿದ್ದರು, ನಿವೃತ್ತ ಟೀಚರ್, ವ್ಯವಹಾರದಲ್ಲಿ ಬಲು ಗಟ್ಟಿ. ಒಬ್ಬ ಮುದುಕನ ಮುಂದೆ ಆಕ್ರೋಟು ಕಂಡವು. ಜೋಡಿ ಜೋಡಿಯಾಗಿ, ಕೆಂಪಗೆ ಹೊಳೆಯುತ್ತಾ, ರೇಷ್ಮೆ ಪೆಟ್ಟಿಗೆಯೊಳಗೆ. ಪೆಟ್ಟಿಗೆ ನೋಡಿದಾಗಲಾದರೂ ಅನುಮಾನ ಬರಬೇಕಿತ್ತು! ಎಷ್ಟು ಅಂತ ಕೈಸನ್ನೆ ಮಾಡಿದರು. ಮುದುಕ ಪಿಸ್ತೂಲು ತೋರಿಸಿದ. ಅಮ್ಮನಿಗೆ ಎರಡು ಬೆರಳು ಕಂಡವು. ಎರಡು ಯುವಾನ್ ಇಟ್ಟು, ಜೋಡಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೊರಟೇಬಿಟ್ಟರು. ಮುದುಕ ಹಿಂದಿನಿಂದ ಕೂಗಿದ, "ಬಾ ಬೈ! ಬಾ ಬೈ!"

ಅಮ್ಮ ನನ್ನ ಹತ್ತಿರ ಓಡಿಬಂದರು. "ನೋಡಪ್ಪಾ, ಇವನಿಗೆ ಕನ್ನಡ ಬರುತ್ತೆ. ಬಾ, ಬೈ ಅಂತಿದ್ದಾನೆ. ನಾನ್ಯಾಕೆ ಬೈಲಿ? ಇದನ್ನ ಒಡೆಯೋಕೆ ಕಲ್ಲು ಎಲ್ಲಿ ಸಿಗುತ್ತೆ ಹೇಳು."

ಚೀನೀ ಭಾಷೆಯಲ್ಲಿ ಬಾ ಅಂದರೆ ಎಂಟು, ಬೈ ಅಂದರೆ ನೂರು. ಎಂಟುನೂರು ಯುವಾನ್, ಆಗಿನ ಲೆಕ್ಕಕ್ಕೆ ಸುಮಾರು 8,000 ರೂಪಾಯಿ. ಅವು ತಿನ್ನುವ ಆಕ್ರೋಟಲ್ಲ. ಬೀಜಿಂಗ್‌ನ ಹಿರಿಯರು ಅಂಗೈಯಲ್ಲಿ ಹೊರಳಿಸುವಂಥವು, ವರ್ಷಗಟ್ಟಲೆ ಉಜ್ಜಿ ಉಜ್ಜಿ ಬಂದ ಬಣ್ಣ ಅದು. ಎರಡೂ ಅವಳಿ ಮಕ್ಕಳಂತೆ ಹೊಂದಿದಷ್ಟೂ ಬೆಲೆ ಏರುತ್ತದೆ. ಕಲ್ಲು ಸಿಗಲಿಲ್ಲ, ನಮ್ಮ ಪುಣ್ಯ. ವಾಪಸು ಕೊಟ್ಟು ನಾನೇ ಕೈಮುಗಿದೆ. ಮುದುಕ ನಕ್ಕು, ಅಮ್ಮನ ಬೆರಳು ಹಿಡಿದು ಒಂದರಿಂದ ಹತ್ತು ಕಲಿಸಿದ. ಟೀಚರಿಗೇ ಪಾಠ!

ಕ್ಯಾಲ್ಕುಲೇಟರ್ ಇದೆಯಲ್ಲ, ಮೊಬೈಲ್ ಇದೆಯಲ್ಲ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಇದೆ ಸ್ವಾಮಿ. ಕ್ಯಾಲ್ಕುಲೇಟರ್ ಚಾಚಿದರೆ ನೀವು ಹೊಸಬರು ಅಂತ ಗೊತ್ತಾಗುತ್ತದೆ, ಬೆರಳು ತೋರಿಸಿದರೆ ಅಂಗಡಿಯವನು ಕುರ್ಚಿ ಎಳೆದುಕೊಂಡು ಕೂರುತ್ತಾನೆ. ನಮ್ಮ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದಿಲ್ಲವೇ? ಹಿಂದೆ ಚೀನಾದ ದಲ್ಲಾಳಿಗಳು ಅಂಗಿಯ ಉದ್ದ ತೋಳಿನೊಳಗೆ ಅದನ್ನೇ ಮಾಡುತ್ತಿದ್ದರು. ಅದರಲ್ಲೂ ಎಂಟನ್ನು ಮರೆಯಬೇಡಿ. ಎಂಟು ಅವರಿಗೆ ಶುಭ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ ಶುರುವಾದದ್ದೇ 2008ರ ಆಗಸ್ಟ್ 8ರ ರಾತ್ರಿ 8 ಗಂಟೆಗೆ. ಬೆಲೆಯ ಚೀಟಿಗಳಲ್ಲೂ 88, 168 ಕಾಣುತ್ತಲೇ ಇರುತ್ತವೆ.

ಗಾಜಿನಾಚೆಯಿಂದ ಕಾರ್ಯಕ್ರಮದವರು ಎರಡು ಬೆರಳು ತೋರಿಸುತ್ತಿದ್ದಾರೆ, ಪಿಸ್ತೂಲಲ್ಲ, ಎರಡೇ ನಿಮಿಷ. ಶಾಂಘೈನ ನಾನ್‌ಜಿಂಗ್ ರಸ್ತೆ, ಶಿಯಾನ್‌ನ ಮುಸ್ಲಿಂ ಕೇರಿ ಎಲ್ಲವನ್ನೂ ಬರೆದುಕೊಂಡು ಬಂದಿದ್ದೆ, ಹೋಗಲಿ. ನಾನ್‌ಜಿಂಗ್ ರಸ್ತೆಯಲ್ಲಿ ಚೆಂದದ ಇಂಗ್ಲಿಷಿನಲ್ಲಿ ಯಾರಾದರೂ ಚಹಾಕ್ಕೆ ಕರೆದರೆ ಹೋಗಬೇಡಿ, ಬಿಲ್ಲು ನೋಡಿ ತಲೆ ತಿರುಗುತ್ತದೆ. ದೊಡ್ಡ ಮಳಿಗೆಗಳಲ್ಲಿ ಚೌಕಾಸಿ ಇಲ್ಲ. ಸಂತೆಯಲ್ಲೂ ಜನ ಮೊಬೈಲಿನಲ್ಲೇ ಹಣ ಕೊಡುತ್ತಾರೆ. ನೋಟು ಬೇಡ ಅನ್ನುವಂತಿಲ್ಲ, ಆದರೆ ಚಿಲ್ಲರೆ ನೀವೇ ಇಟ್ಟುಕೊಂಡಿರಿ.

ಇನ್ನು ಹಣ್ಣು. ಫಲಕದ ಮೇಲಿನ ಬೆಲೆ ಕಿಲೋಗಲ್ಲ, ಜಿನ್‌ಗೆ. ಒಂದು ಜಿನ್ ಅಂದರೆ ಅರ್ಧ ಕಿಲೋ. ಲಿಚಿ ಅಗ್ಗ ಅಂತ ಹಿಗ್ಗಿ ತುಂಬಿಸಿಕೊಳ್ಳುವ ಮುಂಚೆ ಎರಡರಿಂದ ಗುಣಿಸಿ, ಆಮೇಲೆ ಎಷ್ಟು ಜಿನ್ ಬೇಕು ಅಂತ ಬೆರಳಲ್ಲೇ ತೋರಿಸಿ. ನಮಸ್ಕಾರ.